ಗೋಲಿನಲ್ಲಿ ನಿಂತು ಹಾಡಿದ ಪದ

ಪಾತ್ರೆ ತೊಳೆಯುವಾಗ ನಾನು ಏನನ್ನೋ ಗುನುಗುತ್ತೇನೆ ಎಂದು ನೀವು ಮೂವರೂ ಹೇಳುತ್ತೀರಿ. ಹೋದ ದೀಪಾವಳಿಗೆ ಬಂದಾಗ ನಿಮ್ಮಲ್ಲಿ ಕಿರಿಯವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅಜ್ಜಿ, ಯೇ ಕೌನ್ಸಾ ಗಾನಾ ಹೈ? ಬೀಚ್ ಮೇ ರುಕ್ ಕ್ಯೂಂ ಜಾತಾ ಹೈ?" ಎಂದು ಕೇಳಿದಳು. ಹಾಡು ನಡುವೆ ಯಾಕೆ ನಿಂತುಹೋಗುತ್ತದೆ ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ನಲ್ಲಿ ಜೋರು ಮಾಡಿ, ಏನೂ ಇಲ್ಲ ಎಂದುಬಿಟ್ಟೆ. ಎದುರು ನಿಂತು ಮಾತಾಡಲು ನನಗೆ ಮೊದಲಿನಿಂದಲೂ ಬಾರದು. ಬರೆದರೆ ಬರುತ್ತದೇನೋ ನೋಡುತ್ತೇನೆ. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕನ್ನಡ ಇದು. ನಿಮಗೆ ಓದಲು ಬರುವುದಿಲ್ಲ, ನಿಮ್ಮವ್ವ ಓದಿ ಹೇಳುತ್ತಾಳೆ. ಅವಳಿಗೂ ಇದರಲ್ಲಿ ಗೊತ್ತಿಲ್ಲದ ಮಾತುಗಳಿವೆ.

ನಿಮ್ಮಜ್ಜ ಫುಟ್‌ಬಾಲ್ ಆಡುತ್ತಿದ್ದರು. ಗೋಲ್‌ಕೀಪರ್. ನೀವು ಅವರನ್ನು ಫೋಟೋದಲ್ಲಿ ಮಾತ್ರ ಕಂಡಿದ್ದೀರಿ, ಆ ಫೋಟೋದಲ್ಲಿ ಅವರು ತಲೆಗೆ ರುಮಾಲು ಸುತ್ತಿಕೊಂಡು ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಚೆಂಡಾಟದವರ ಹಾಗೆ ಕಾಣುವುದಿಲ್ಲ. ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಆ ಚೆಂಡನ್ನು ಯಾರೂ ನೋಡಿರಲಿಲ್ಲ. ಅವರು ಮುಂಬಯಿ ಹತ್ತಿರದ ಠಾಣೆ ಊರಿಗೆ ಬಂದದ್ದು ಬೇಲಾಪುರ ರಸ್ತೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಮಾಲು ಇಳಿಸುವ ಕೆಲಸಕ್ಕೆ. ಲಾರಿಯ ಮೇಲೆ ನಿಂತವನು ಡಬ್ಬಿ ತುಂಬಿದ ಖೋಕಾ ಎಂಬ ಪೆಟ್ಟಿಗೆಗಳನ್ನು ಎಸೆಯುವುದು, ಕೆಳಗೆ ನಿಂತವರು ಹಿಡಿಯುವುದು. ಇವರ ಕೈಯಿಂದ ಒಂದೂ ಜಾರುತ್ತಿರಲಿಲ್ಲವಂತೆ. ಎಡಕ್ಕೆ ಎಸೆದರೂ ಬಲಕ್ಕೆ ಎಸೆದರೂ ಖೋಕಾ ಬರುವ ಮೊದಲೇ ಇವರು ಅಲ್ಲಿರುತ್ತಿದ್ದರು. ಕಾರ್ಖಾನೆಯ ಟೀಮಿನ ಕ್ಯಾಪ್ಟನ್, ಗೋವೆಯ ಕಡೆಯ ಫಿಟ್ಟರ್ ಒಬ್ಬರು, ಮೂರು ದಿನ ಊಟದ ಹೊತ್ತಿನಲ್ಲಿ ನಿಂತು ನೋಡಿದರು. ನಾಲ್ಕನೆಯ ದಿನ ಇವರನ್ನು ಕರೆದುಕೊಂಡು ಹೋಗಿ ಎರಡು ಕಂಬಗಳ ನಡುವೆ ನಿಲ್ಲಿಸಿದರು.

ನಾನು ಮದುವೆಯಾಗಿ ಬಂದಾಗ ಇವರು ಟೀಮು ಸೇರಿ ಎರಡು ವರ್ಷವಾಗಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಕಳ್ವಾದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹತ್ತಿರದ ಚಾಳಿನಲ್ಲಿ ನಮ್ಮದೊಂದು ಖೋಲಿ. ಭಾನುವಾರ ಆಟ ಮುಗಿಸಿ ಟೀಮಿನವರು ಚಹಾಕ್ಕೆ ಬರುತ್ತಿದ್ದರು. ನಾನು ಸೆರಗು ಮುಂದೆಳೆದುಕೊಂಡು ಒಳಗಿನಿಂದಲೇ ಲೋಟಗಳನ್ನು ಸರಿಸುತ್ತಿದ್ದೆ. ಅವರೆಲ್ಲ ರೇಡಿಯೋದ ಸಿನಿಮಾ ಹಾಡು ಕೇಳುವವರು ಎಂದುಕೊಂಡಿದ್ದೆ. ಕ್ಯಾಪ್ಟನ್‌ಗೆ ಅದರಲ್ಲಿ ಮನಸ್ಸಿರಲಿಲ್ಲ. ಅವರು ಬಿಡುವಿನ ದಿನ ತಮ್ಮ ಚರ್ಚಿನ ಬ್ಯಾಂಡಿನಲ್ಲಿ ಹಿತ್ತಾಳೆಯ ತುತ್ತೂರಿ ಊದುತ್ತಿದ್ದರು, ಅದೂ ಮಣ್ಣಿಗೆ ಹೋಗುವಾಗ ಊದುವ ಬ್ಯಾಂಡು. ಮದುವೆಗೆ ಕರೆದರೆ ಹೋಗುತ್ತಿರಲಿಲ್ಲ.

"ಶಾದಿ ಮೇ ಕೋಯಿ ಸುನ್ತಾ ನಹೀಂ ಭಾಭಿ, ಸಬ್ ಖಾತಾ ಹೈ," ಎಂದು ಒಮ್ಮೆ ಒಳಗೆ ಕೇಳುವಂತೆ ಹೇಳಿದರು. "ಮಯ್ಯತ್ ಮೇ ಸಬ್ ಸುನ್ತಾ ಹೈ." ಮದುವೆಯಲ್ಲಿ ಎಲ್ಲರೂ ತಿನ್ನುತ್ತಾರೆ, ಸಾವಿನಲ್ಲಿ ಎಲ್ಲರೂ ಕೇಳುತ್ತಾರೆ ಎಂದು.

ಇನ್ನೊಬ್ಬ ಡೊಂಬಿವಲಿಯ ಮರಾಠಿಯವನು, ಬಲಗಡೆ ಓಡುವ ಆಟಗಾರ. ಅವನು ಲೋಕಲ್ ಗಾಡಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದ. ಚೀಲದಲ್ಲಿ ಬೂಟಿನ ಜೊತೆಗೆ ಉಣ್ಣೆಯ ಉಂಡೆ, ಎರಡು ಸೂಜಿ. ಇವರು ಅವನನ್ನು ಕಾಡುತ್ತಿದ್ದರು. "ಇಧರ್ ಸ್ವೆಟರ್ ಕೌನ್ ಪೆಹ್‌ನೇಗಾ? ಖಾಡೀ ಕಾ ಭೈಂಸ್?" ಖಾಡಿಯ ಎಮ್ಮೆಗೆ ಹಾಕುತ್ತೀಯಾ ಎಂದು. ಅವನು ಸೂಜಿ ನಿಲ್ಲಿಸದೆ, "ಪೈರ್ ದೌಡ್ತಾ ಹೈ ಯಾರ್, ಹಾಥ್ ಕ್ಯಾ ಕರೇಗಾ?" ಎನ್ನುತ್ತಿದ್ದ. ಕಾಲು ಓಡುತ್ತದೆ, ಕೈ ಏನು ಮಾಡಬೇಕು ಎಂಬ ಅವನ ಮಾತಿಗೆ ಎಲ್ಲರೂ ನಕ್ಕರೂ ಅದರಲ್ಲಿ ಏನೋ ಇದೆ ಎಂದು ನನಗನಿಸಿತ್ತು.

ನಿಮ್ಮಜ್ಜನದು ಇವೆರಡಕ್ಕಿಂತ ವಿಚಿತ್ರ. ಅವರು ಮೊಹರಂ ಪದ ಹಾಡುತ್ತಿದ್ದರು.

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಮೊಹರಮ್ಮಿಗೆ ಊರೆಲ್ಲ ಸೇರುತ್ತದೆ. ನಮ್ಮವರೂ ಹರಕೆ ಹೊತ್ತು ಫಕೀರರಾಗುತ್ತಾರೆ, ಕೊರಳಿಗೆ ಲಾಡಿ ಎಂಬ ಕೆಂಪು ದಾರ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಚೋಂಗೆ ಎಂಬ ಸಿಹಿ ರೊಟ್ಟಿ ಮಾಡುತ್ತಾರೆ. ಆಗ ಗಂಡಸರು ಹಾಡುವುದು ರಿವಾಯತ ಪದ. ಕನ್ನಡದವೇ, ಆದರೆ ಎಲ್ಲವೂ ಅಳುವಿನ ಪದಗಳು. ಕಾಳಗದ ಬಯಲಲ್ಲಿ ನೀರಿಲ್ಲದೆ ಸತ್ತವರ ಕಥೆ. ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಒಂದು ಕಡೆಯವರು ಒಂದು ಸಾಲು ಎತ್ತಿದರೆ ಇನ್ನೊಂದು ಕಡೆಯವರು ಅದಕ್ಕೆ ಉತ್ತರ ಹಾಡುತ್ತಾರೆ. ಒಬ್ಬನೇ ಹಾಡುವ ಪದ ಅದಲ್ಲ. ಹೆಂಗಸರು ಹಾಡುವುದಿಲ್ಲ, ಕಟ್ಟೆಯ ಮೇಲೆ ಕೂತು ಕೇಳುತ್ತಾರೆ. ಹತ್ತನೆಯ ದಿನ ದೇವರು ಹೊಳೆಗೆ ಹೋದ ಮೇಲೆ ಪದಗಳನ್ನು ಕಟ್ಟಿಡಬೇಕು. ಮುಂದಿನ ವರ್ಷದವರೆಗೆ ಬಾಯಿಗೆ ತರಬಾರದು. ತಂದರೆ ಆ ದುಃಖ ಹಾಡಿದವನ ಮನೆ ಹುಡುಕಿಕೊಂಡು ಬರುತ್ತದೆ ಎಂದು ನಮ್ಮಲ್ಲಿ ನಂಬಿಕೆ.

ಇವರು ವರ್ಷವಿಡೀ ಹಾಡುತ್ತಿದ್ದರು. ಸ್ನಾನ ಮಾಡುವಾಗ, ಬೂಟಿಗೆ ಎಣ್ಣೆ ಹಚ್ಚುವಾಗ, ಗೋಲಿನಲ್ಲಿ ನಿಂತಾಗ. ಠಾಣೆಯಲ್ಲಿ ಎದುರು ನಿಂತು ಉತ್ತರ ಕೊಡುವವರು ಇರಲಿಲ್ಲವಲ್ಲ, ಹಾಗಾಗಿ ತಮ್ಮ ಸಾಲು ಹಾಡಿ, ಉತ್ತರದ ಸಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ತಮ್ಮ ಸಾಲು ಎತ್ತುತ್ತಿದ್ದರು. ಆ ಮೌನ ಒಂದು ಸಲವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಹೆಚ್ಚಾಗಿ ಹಾಡುತ್ತಿದ್ದುದು ಒಂದೇ ಪದ.

"ಕೂಸು ನೀರ ಬೇಡತದ, ಏನಂತಾಳ ತಾಯಿ?"

ಅಷ್ಟು ಹಾಡಿ ನಿಲ್ಲಿಸುತ್ತಿದ್ದರು. ನಾನು ಒಲೆಯ ಮುಂದೆ ಕೂತು, ಬಾಯಿ ಬಿಚ್ಚದೆ, ಒಳಗೇ ಉತ್ತರ ಹಾಡುತ್ತಿದ್ದೆ.

"ಹೊಳಿ ಕಾಣತದ ಮಗನ, ಹಾದಿ ಕಾಣವಲ್ದು."

ಚಿಕ್ಕಂದಿನಿಂದ ಕಟ್ಟೆಯ ಮೇಲೆ ಕೂತು ಕೇಳಿ ನನಗೆ ಎಲ್ಲ ಸಾಲೂ ಬಾಯಿಪಾಠವಾಗಿದ್ದವು. ಇದನ್ನು ನಾನು ಅವರಿಗೆ ಹೇಳಿರಲಿಲ್ಲ.

ಕ್ಯಾಪ್ಟನ್ ಒಮ್ಮೆ ಕೇಳಿದರು, ನಡುವೆ ಯಾಕೆ ಸುಮ್ಮನಾಗುತ್ತೀ ಎಂದು. ಇವರು ತಮ್ಮ ಮುರುಕು ಹಿಂದಿಯಲ್ಲಿ ಬಿಡಿಸಿ ಹೇಳಿದರು. "ಏಕ್ ಲೈನ್ ಮೇರಾ, ಏಕ್ ಲೈನ್ ಸಾಮ್ನೇವಾಲೇ ಕಾ. ಬಾಲ್ ದೂರ್ ಹೈ ತೋ ಮೈ ಗಾತಾ. ಚುಪ್ ಹುವಾ ತೋ ಬಾಲ್ ದೇಖ್ತಾ. ಸಾಮ್ನೇವಾಲೇ ಕಾ ಲೈನ್ ಖತಮ್, ಮೈ ನಿಕಲ್ತಾ." ತನ್ನ ಸಾಲು ಹಾಡುವಾಗ ಉಸಿರು ತುಂಬಿಕೊಳ್ಳುವುದು, ಉತ್ತರದ ಹೊತ್ತಿನಲ್ಲಿ ಚೆಂಡು ನೋಡುವುದು, ಉತ್ತರ ಮುಗಿಯುತ್ತಲೇ ಗೆರೆ ಬಿಟ್ಟು ಮುಂದೆ ನುಗ್ಗುವುದು. ಲಾರಿಯ ಖೋಕಾಗಳನ್ನೂ ಹೀಗೇ ಹಿಡಿಯುತ್ತಿದ್ದುದಂತೆ.

"ತೋ ಭಾಭಿ ಕೋ ಬೋಲ್ ನಾ, ವೋ ಗಾಯೇಗೀ ದೂಸ್ರಾ ಲೈನ್," ಎಂದರು ಕ್ಯಾಪ್ಟನ್, ಇನ್ನೊಂದು ಸಾಲನ್ನು ಹೆಂಡತಿ ಹಾಡಲಿ ಎಂದು.

"ಹಮಾರೇ ಮೇ ಔರತ್ ಲೋಗ್ ನಹೀಂ ಗಾತಾ," ಎಂದು ಇವರು ನಕ್ಕರು, ನಮ್ಮಲ್ಲಿ ಹೆಂಗಸರು ಹಾಡುವುದಿಲ್ಲ ಎಂದು.  ಒಳಗೆ ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತು.

ಮದುವೆಯಾದ ಎರಡನೆಯ ವರ್ಷ ನನ್ನ ಹೊಟ್ಟೆಯಲ್ಲಿದ್ದ ಕೂಸು ಐದು ತಿಂಗಳಿಗೆ ಹೋಯಿತು. ನಿಮ್ಮವ್ವನಿಗೆ ಇದು ಗೊತ್ತಿಲ್ಲ. ಡಾಕ್ಟರು ಏನೋ ಕಾರಣ ಹೇಳಿದರು, ನನಗೆ ತಿಳಿಯಲಿಲ್ಲ. ನನಗೆ ತಿಳಿದದ್ದು ಒಂದೇ, ನಾನು ಆ ಐದು ತಿಂಗಳೂ ನೀರಿಲ್ಲದೆ ಸತ್ತ ಕೂಸಿನ ಪದ ಕೇಳುತ್ತಿದ್ದೆ, ಒಳಗೊಳಗೇ ಅದಕ್ಕೆ ಉತ್ತರವನ್ನೂ ಹಾಡುತ್ತಿದ್ದೆ.

ಮರುವರ್ಷ ನಿಮ್ಮವ್ವ ಹೊಟ್ಟೆಯಲ್ಲಿ ನಿಂತಳು. ಪಕ್ಕದ ಖೋಲಿಯಲ್ಲಿ ಕಲಬುರ್ಗಿ ಕಡೆಯ ಒಬ್ಬ ಹೆಂಗಸಿದ್ದಳು, ಅಕ್ಕ ಎನ್ನುತ್ತಿದ್ದೆ. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು, ಬಾಯಿ ಜೋರು. ಇವರು ಕೆಲಸಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ಬಂದು ಹೊಸ್ತಿಲಲ್ಲಿ ಕೂತಳು.

"ನಿನ್ ಗಂಡಗ ಹಾಡ್ಲಿಕ್ಕಿ ಬ್ಯಾರೆ ಪದಾ ಇಲ್ಲೇನು? ದೇವ್ರ ಹೋಗಿ ಆರ್ ತಿಂಗ್ಳಾತು, ಇನ್ನಾ ಅಳ್ಳತ್ತಾನ."

"ಅವರಿಗ ರೂಢಿ ಆಗ್ಯಾದ ಅಕ್ಕಾ."

"ಹೋದ ವರ್ಷ ಏನಾತು ಅಂತ ನಾ ಹೇಳ್ಬೇಕಾ ನಿನಗ? ಹೊಟ್ಟಿಯೊಳಗ ಕೂಸ ಇಟ್ಕೊಂಡು ಸಾಯೋ ಕೂಸಿನ ಪದಾ ಕೇಳ್ತಿ. ಬುದ್ಧಿ ಎಲ್ಲಿ ಇಟ್ಟೀದಿ?"

ಅವಳು ಹೇಳಬೇಕಾಗಿರಲಿಲ್ಲ. ಆ ಮಾತು ನನ್ನೊಳಗೆ ಮೊದಲೇ ಇತ್ತು, ಆದರೆ ಇನ್ನೊಬ್ಬರ ಬಾಯಿಂದ ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಸಂಜೆ ಇವರು ಬಂದು ಕೈಕಾಲು ತೊಳೆದು ಕೂತಾಗ ಟ್ರಂಕಿನಲ್ಲಿದ್ದ ಅವರ ಲಾಡಿಯನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಊರಿನ ಹಬ್ಬದಲ್ಲಿ ಕೊರಳಿಗೆ ಹಾಕಿಕೊಂಡಿದ್ದ ಕೆಂಪು ದಾರ, ಬಣ್ಣ ಮಾಸಿತ್ತು. ಅದನ್ನು ಹಿಡಿದು ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ.

"ಇದರ ಮ್ಯಾಲ ಆಣಿ ಮಾಡ್ರಿ. ಇನ್ನ ಆ ಪದಾ ಹಾಡಂಗಿಲ್ಲ ಅನ್ರಿ."

ಅವರು ದಾರವನ್ನೂ ನನ್ನ ಹೊಟ್ಟೆಯನ್ನೂ ನೋಡಿದರು. "ಮನ್ಯಾಗ ಹಾಡಂಗಿಲ್ಲ, ಆತು."

"ಎಲ್ಲೂ ಬ್ಯಾಡ."

"ಮೈದಾನದಾಗ?"

"ಮೈದಾನದಾಗೂ ಬ್ಯಾಡ್ರಿ."

ಅವರು ಸ್ವಲ್ಪ ಹೊತ್ತು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಆತ್ ಬಿಡು," ಎಂದರು. ಎಷ್ಟು ದಿನ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಮಾಡಿದ ತಪ್ಪು ಅದು. ಕೂಸು ಹುಟ್ಟುವವರೆಗೆ ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಆಗ ಇವರು ಕಾರ್ಖಾನೆಯಲ್ಲಿ ಇನ್ನೂ ಬದಲಿ ಕೆಲಸದವರು. ಯಾರಾದರೂ ಬಾರದಿದ್ದರೆ ಇವರಿಗೆ ಕೆಲಸ. ಕಾರ್ಖಾನೆಗಳ ನಡುವಿನ ಪಂದ್ಯದಲ್ಲಿ ಆ ವರ್ಷ ಕಪ್ಪು ಗೆದ್ದರೆ ಟೀಮಿನಲ್ಲಿರುವ ಬದಲಿಯವರನ್ನು ಕಾಯಂ ಮಾಡುತ್ತೇವೆ ಎಂದು ಮೇಲಿನವರು ಹೇಳಿದ್ದರು. ಟೀಮಿನಲ್ಲಿ ಬದಲಿಯವರು ಎಂದು ಇದ್ದವರು ಇವರೊಬ್ಬರೇ. ಉಳಿದ ಹತ್ತು ಜನಕ್ಕೆ ಅದು ಕಪ್ಪು. ನಮಗೆ ಅದು ಖೋಲಿ, ಕೂಸಿನ ದವಾಖಾನೆ, ಮುಂದಿನ ಬದುಕು.

ಕೊನೆಯ ಪಂದ್ಯ ಕಲ್ಯಾಣದ ಒಂದು ಮೈದಾನದಲ್ಲಿ. ಕ್ಯಾಪ್ಟನ್ ಎರಡು ದಿನ ಮೊದಲು ಬಂದು ಬಾಗಿಲ ಹೊರಗೇ ನಿಂತು, "ಭಾಭಿ, ಆಪ್ ಆವೋ. ಯೇ ಆಜ್‌ಕಲ್ ಥಂಡಾ ಹೋ ಗಯಾ ಹೈ," ಎಂದರು. ಇತ್ತೀಚೆಗೆ ಇವರು ತಣ್ಣಗಾಗಿದ್ದಾರೆ, ನೀವು ಬಂದರೆ ಚುರುಕಾದಾರು ಎಂದು ಅವರ ಲೆಕ್ಕ. ನನಗೆ ಏಳು ತಿಂಗಳು. ಅಕ್ಕನ ಜೊತೆ ಮಧ್ಯಾಹ್ನದ ಗಾಡಿಯಲ್ಲಿ ಹೋದೆ. ಮೈದಾನದಲ್ಲಿ ಹೆಂಗಸರು ಯಾರೂ ಇರಲಿಲ್ಲ. ಗೋಲಿನ ಹಿಂದೆ ಒಂದು ಗುಲ್‌ಮೊಹರ್ ಗಿಡವಿತ್ತು, ಅದರ ಮರೆಯಲ್ಲಿ ಕೂತೆವು. ಹತ್ತು ಹೆಜ್ಜೆ ಮುಂದೆ ಅವರ ಬೆನ್ನು.

ಅವರು ಆಡುವುದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಚೆಂಡು ಆ ತುದಿಗೆ ಹೋದಾಗಲೆಲ್ಲ ಅವರು ಆಚೀಚೆ ನಡೆಯುತ್ತಿದ್ದರು. ಒಮ್ಮೆ ಕಂಬದ ಹತ್ತಿರ ತಿರುಗಿದಾಗ ಮುಖ ಕಾಣಿಸಿತು. ತುಟಿ ಬಿಗಿಯಾಗಿ ಮುಚ್ಚಿಕೊಂಡಿದ್ದರು, ಗದ್ದ ಅದುರುತ್ತಿತ್ತು. ಯಾರೋ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ.

ಮೊದಲ ಗೋಲು ಯಾರಿಂದಲೂ ತಡೆಯಲಾಗದ್ದು ಎಂದು ಆಮೇಲೆ ಎಲ್ಲರೂ ಹೇಳಿದರು. ನಮ್ಮವರೂ ಒಂದು ಹೊಡೆದರು, ಸ್ವೆಟರ್ ಹೆಣೆಯುವವನು. ನಡುವೆ ಬಿಡುವಾದಾಗ ಎಲ್ಲರೂ ನಿಂಬೆಹಣ್ಣು ಚೀಪುತ್ತಿದ್ದರು. ಕ್ಯಾಪ್ಟನ್ ಇವರ ಹತ್ತಿರ ಬಂದು ಹೆಗಲು ಹಿಡಿದು ಅಲುಗಾಡಿಸಿದರು.

"ಗಾ ನಾ ರೇ. ಕಿತ್ನೇ ದಿನ್ ಸೇ ದೇಖ್ ರಹಾ ಹೂಂ, ತೂ ಗಾತಾ ನಹೀಂ. ಗಾ."

ಎಷ್ಟು ದಿನದಿಂದ ನೋಡುತ್ತಿದ್ದೇನೆ, ನೀನು ಹಾಡುತ್ತಿಲ್ಲ, ಹಾಡು ಎಂದು. ಇವರು ಇಲ್ಲವೆಂದು ತಲೆಯಾಡಿಸಿದರು. ಕ್ಯಾಪ್ಟನ್ ಮತ್ತೇನೋ ಕೇಳಿದರು. ಇವರು ಗಿಡದ ಕಡೆ ನೋಡಿದರು. ನನ್ನನ್ನು ನೋಡಿದರು. ಬೈದು ನೋಡಿದ್ದಲ್ಲ. ಅಂಗಡಿಯವನು ಕೊಡುತ್ತಾನೋ ಇಲ್ಲವೋ ಎಂದು ಮಕ್ಕಳು ನೋಡುತ್ತವಲ್ಲ, ಹಾಗೆ.

ಮಕ್ಕಳೇ, ನಾನು ಆಗ ತಲೆ ಹೂಂ ಎಂದು ಆಡಿಸಿದ್ದರೆ ಸಾಕಿತ್ತು. ಅಷ್ಟು ಜನ ಗಂಡಸರು ಇವರ ನೋಟ ಎಲ್ಲಿ ಹೋಯಿತೆಂದು ನನ್ನ ಕಡೆ ತಿರುಗಿದ್ದರು. ಹೊಟ್ಟೆಯೊಳಗೆ ನಿಮ್ಮವ್ವ ಒದ್ದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದೆ.

ಬಿಡುವಿನ ಮೇಲೆ ಎರಡೂ ಟೀಮು ಗೋಲು ಬದಲಿಸಿದವು, ಅಕ್ಕ ನನ್ನನ್ನು ಆ ತುದಿಯ ಗೋಲಿನ ಹಿಂದಿನ ಗಿಡದ ಮರೆಗೆ ಕರೆದುಕೊಂಡು ಹೋದಳು. ಆಟ ಮುಗಿಯಲು ಸ್ವಲ್ಪವೇ ಇರುವಾಗ ಎದುರಾಳಿಗಳಲ್ಲೊಬ್ಬ ಚೆಂಡನ್ನು ತಳ್ಳಿಕೊಂಡು ಒಬ್ಬನೇ ನೇರ ಬಂದ. ಇವರು ಗೆರೆ ಬಿಟ್ಟು ನುಗ್ಗಬೇಕಿತ್ತು. ಚೆಂಡು ಬರುತ್ತಿದ್ದ ಹಾಗೆ ನನ್ನೊಳಗೆ, ನಾನು ಬೇಡವೆಂದರೂ, ಪದ ಶುರುವಾಯಿತು. ಅವರ ಸಾಲು, ನನ್ನ ಸಾಲು. ನನ್ನ ಸಾಲು ಮುಗಿದ ಗಳಿಗೆಯಲ್ಲಿ, ಈಗ, ಎಂದು ನನಗೆ ಗೊತ್ತಾಯಿತು. ಅವರು ಹೊರಟದ್ದು ಅದಕ್ಕಿಂತ ಅರ್ಧ ಹೆಜ್ಜೆ ತಡವಾಗಿ. ಚೆಂಡು ಅವರ ಕೈಯ ಕೆಳಗೆ ಹಾದು, ಗೋಲು ದಾಟಿ, ಉರುಳುತ್ತಾ ನಮ್ಮ ಗಿಡದ ಬುಡಕ್ಕೆ ಬಂದು ನಿಂತಿತು. ಅದನ್ನು ತೆಗೆದುಕೊಳ್ಳಲು ಅವರೇ ಬಂದರು. ನಾನು ಮುಖ ಎತ್ತಲಿಲ್ಲ. ಅವರ ಬೂಟು ಮಾತ್ರ ಕಂಡೆ.

ಮರಳಿ ಬರುವಾಗ ಗಾಡಿಯಲ್ಲಿ ಅಕ್ಕ, "ಆಟ ಅಂದ್ರ ಒಬ್ರು ಸೋಲ್ಬೇಕವಾ," ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನಿಮ್ಮವ್ವ ತುಂಬಿದ ತಿಂಗಳಿಗೆ ಹುಟ್ಟಿದಳು. ಮೊದಲ ಅಳುವೇ ಚಾಳಿಗೆಲ್ಲ ಕೇಳಿಸಿತು. ಡೊಂಬಿವಲಿಯವನು ಅವಳಿಗೆ ಹಳದಿ ಸ್ವೆಟರ್ ತಂದುಕೊಟ್ಟ. ಒಂದು ದಿನವೂ ಹಾಕುವ ಚಳಿ ಬೀಳಲಿಲ್ಲ. ಅದು ಈಗಲೂ ನನ್ನ ಟ್ರಂಕಿನಲ್ಲಿ ಲಾಡಿಯ ಜೊತೆಗಿದೆ. ಕಾರ್ಖಾನೆಯವರು ಒಂದು ವರ್ಷ ನೋಡಿ ಬದಲಿಯವರನ್ನು ಬಿಡಿಸಿದರು. ನಿಮ್ಮಜ್ಜ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದರು. ಎಂಬತ್ತರ ದಶಕದಲ್ಲಿ ಕಾಂದಾ ಬಟಾಟೆಯ, ಅಂದರೆ ಉಳ್ಳಾಗಡ್ಡಿ ಆಲೂಗಡ್ಡೆಯ, ದೊಡ್ಡ ಬಜಾರು ವಾಶಿಗೆ ಬಂದಾಗ ಇವರು ಅಲ್ಲಿ ಗೋಣಿ ಹೊರುವ ಕೆಲಸಕ್ಕೆ ಸೇರಿದರು. ನಾವು ಕೋಪರಖೈರಣೆಗೆ ಬಂದೆವು.

ಅವರು ಮತ್ತೆ ಹಾಡಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗಲೂ ಸಾಲಿನಲ್ಲಿ ನಿಲ್ಲದೆ ಕಟ್ಟೆಯ ಮೇಲೆ ಕೂತರು, ಹೆಂಗಸರ ಪಕ್ಕ. ಇನ್ನು ಹಾಡಿರಿ, ಆಣೆ ಮುಗಿಯಿತು ಎಂದು ನಾನು ಹೇಳಬೇಕಿತ್ತು. ಪ್ರತಿ ದಿನ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಿದರೆ ಆ ಗೋಲಿನ ಮಾತು ಬರುತ್ತದೆ, ಗಿಡದ ಕೆಳಗೆ ಕೂತಿದ್ದ ನನ್ನ ಮಾತು ಬರುತ್ತದೆ ಎಂದು ಹೆದರಿ ಬಿಟ್ಟುಬಿಡುತ್ತಿದ್ದೆ. ಹಾಗೆ ಹತ್ತು ವರ್ಷ ಹೋಯಿತು.

ಆದರೆ ಹಾಡು ಮನೆ ಬಿಟ್ಟು ಹೋಗಲಿಲ್ಲ. ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಅವರ ಸಾಲು ಕೇಳುತ್ತಿತ್ತು, ಸ್ಪಷ್ಟವಾಗಿ. ತಿರುಗಿ ನೋಡಿದರೆ ಅವರು ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುತ್ತಾ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದರು.

"ಏನು?" ಎನ್ನುತ್ತಿದ್ದರು.

"ಏನಿಲ್ರಿ."

ಅವರಿಗೂ ನನ್ನ ಕಡೆಯಿಂದ ಏನಾದರೂ ಕೇಳುತ್ತಿತ್ತೋ ಏನೋ. ಒಮ್ಮೊಮ್ಮೆ ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ಅಡುಗೆಮನೆಯ ಕಡೆ ಕಿವಿಯಿಟ್ಟು ಕೂರುತ್ತಿದ್ದರು.

ಆಮೇಲೆ ಅವರ ಎದೆ ಕೆಟ್ಟಿತು. ಗೋಣಿಯ ಧೂಳು ಎಂದರು. ನಾಲ್ಕು ತಿಂಗಳು ಮಲಗಿದರು. ಕೊನೆಯ ವಾರ ಒಂದು ಮಧ್ಯಾಹ್ನ ಕ್ಯಾಪ್ಟನ್ ನೋಡಲು ಬಂದಿದ್ದರು. ಕೂದಲು ಬೆಳ್ಳಗಾಗಿತ್ತು, ಕೈಯಲ್ಲಿ ತುತ್ತೂರಿಯ ಪೆಟ್ಟಿಗೆ, ಯಾರದೋ ಮಣ್ಣು ಮುಗಿಸಿ ನೇರ ಬಂದಿದ್ದರು. ನೆರೆಯ ನಾಲ್ಕು ಜನ ಹೆಂಗಸರೂ ಬಾಗಿಲಲ್ಲಿ ನಿಂತಿದ್ದರು. ನಿಮ್ಮವ್ವ ಶಾಲೆಗೆ ಹೋಗಿದ್ದಳು. ಇವರು ಕಣ್ಣು ಬಿಟ್ಟು ಕ್ಯಾಪ್ಟನ್‌ರನ್ನು ನೋಡಿ ನಕ್ಕರು. ಆಮೇಲೆ ಮಾಳಿಗೆ ನೋಡುತ್ತಾ, ಮೆಲ್ಲಗೆ, ಆದರೆ ರಾಗ ತಪ್ಪದೆ, ಹಾಡಿದರು.

"ಕೂಸು ನೀರ ಬೇಡತದ, ಏನಂತಾಳ ತಾಯಿ?"

ನಿಲ್ಲಿಸಿದರು. ಮುಂದಿನ ಸಾಲು ಹಾಡದೆ ನನ್ನ ಕಡೆ ಕಣ್ಣು ಹೊರಳಿಸಿದರು. ನಾನು ಒಳಗೇ ಉತ್ತರ ಹಾಡುತ್ತಿದ್ದುದು ಅವರಿಗೆ ಯಾವಾಗ ಗೊತ್ತಾಗಿತ್ತೋ, ನನಗೆ ತಿಳಿಯದು. ಗೊತ್ತಿತ್ತು ಎನ್ನುವುದು ಮಾತ್ರ ಆ ನೋಟದಲ್ಲಿ ಇತ್ತು.

ಕ್ಯಾಪ್ಟನ್ ತಗ್ಗಿದ ದನಿಯಲ್ಲಿ, "ಭಾಭಿ, ವೋ ರುಕಾ ಹೈ," ಎಂದರು. ಅವನು ಕಾಯುತ್ತಿದ್ದಾನೆ.

ಬಾಗಿಲಲ್ಲಿದ್ದ ಹೆಂಗಸೊಬ್ಬಳು, "ಅಯ್ಯೋ ಪಾಪ, ನೀರ ಕೇಳತಾರ, ಕುಡಸ್ರೆವ್ವಾ," ಎಂದಳು. ನಾನು ಎದ್ದು ಒಳಗೆ ಹೋಗಿ ಲೋಟದಲ್ಲಿ ನೀರು ತಂದೆ. ಅವರು ಕೇಳಿದ್ದು ನೀರಲ್ಲ ಎಂದು ನನಗೂ ಗೊತ್ತಿತ್ತು, ಕ್ಯಾಪ್ಟನ್‌ಗೂ ಗೊತ್ತಿತ್ತು. ಆದರೂ ಅಷ್ಟು ಜನರ ಮುಂದೆ ಹಾಡಲು ನಾಚಿದೆ. ಲೋಟ ತುಟಿಗಿಟ್ಟೆ. ನನ್ನ ಮನಸ್ಸಿಗೆ ನೋವಾಗಬಾರದೆಂದು ಒಂದು ಗುಟುಕು ಕುಡಿದು ಅವರು ಗೋಡೆಯ ಕಡೆ ತಿರುಗಿಕೊಂಡರು. ಎರಡು ದಿನಕ್ಕೆ ಹೋದರು. ಮತ್ತೆ ಹಾಡಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ, ಬಂದವರೆಲ್ಲ ಹೋದ ಮೇಲೆ, ಬೆಳಿಗ್ಗೆ ಪಾತ್ರೆ ತೊಳೆಯಲು ಕೂತೆ. ಬೆನ್ನ ಹಿಂದೆ ಅವರ ಸಾಲು ಬಂತು. ಮನೆಯಲ್ಲಿ ಯಾರೂ ಇರಲಿಲ್ಲ. ಆಗ ನಾನು ಬಾಯಿ ಬಿಚ್ಚಿ ಉತ್ತರ ಹಾಡಿದೆ. ನನ್ನ ದನಿ ನನಗೇ ಯಾರದೋ ಅನಿಸಿತು. ಸುಮ್ಮನಾದೆ. ಮತ್ತೆ ಅವರ ಸಾಲು ಬಂತು.

ನೀವು ಕೇಳುವುದು ಅದನ್ನೇ. ನನ್ನ ಸಾಲು ನಿಮಗೆ ಕೇಳುತ್ತದೆ, ಅವರದು ಕೇಳುವುದಿಲ್ಲ, ಅದಕ್ಕೆ ಹಾಡು ನಡುವೆ ನಿಂತ ಹಾಗೆ ಅನಿಸುತ್ತದೆ. ಅದು ನಿಂತಿರುವುದಿಲ್ಲ. ನಾನು ಸುಮ್ಮನಾದಾಗ ಅಜ್ಜೀ ಎಂದು ಕೂಗಬೇಡಿ, ನಲ್ಲಿ ಬಂದ್ ಮಾಡಲು ಬರಬೇಡಿ. ಎರಡು ಉಸಿರಿನಷ್ಟು ಹೊತ್ತು ಬಾಗಿಲಲ್ಲೇ ನಿಂತಿರಿ. ಆಮೇಲೆ ಏನು ಬೇಕೋ ಕೇಳಿ, ಕೊಡುತ್ತೇನೆ.